ಕತ್ತಲೆಯ ಋಣ

ಬೆಳಕನ್ನು ಜ್ಞಾನವೆಂದೂ ಕತ್ತಲೆಯನ್ನು ಅಜ್ಞಾನವೆಂದೂ ಕರೆಯುವುದು ನಮ್ಮ ನುಡಿಗೆ ಬಹು ಹಿಂದಿನಿಂದ ಅಂಟಿಕೊಂಡು ಬಂದ ರೂಢಿ. ಗುರುವು ಬೆಳಕು ತೋರುವವನು, ಗ್ರಂಥವು ದೀಪ, ಮೌಢ್ಯವು ಇರುಳು. ಈ ರೂಪಕಗಳು ಎಷ್ಟು ಬಳಕೆಗೊಂಡಿವೆಯೆಂದರೆ ಅವು ರೂಪಕಗಳೆಂಬುದೇ ನಮಗೆ ಮರೆತುಹೋಗಿದೆ. ಆದರೆ ಹೊತ್ತು ಮುಳುಗಿದ ಮೇಲೆಯೇ ಬಾಗಿಲು ತೆರೆಯುವ ಜ್ಞಾನಶಾಖೆಯೊಂದುಂಟು. ಸೂರ್ಯನನ್ನು ಕುರಿತ ಅಧ್ಯಯನವನ್ನು ಬಿಟ್ಟರೆ ಖಗೋಳಶಾಸ್ತ್ರವು ಬಹುಮಟ್ಟಿಗೆ ಇರುಳಿನ ಶಾಸ್ತ್ರ. ಅದಕ್ಕೆ ಕತ್ತಲೆಯು ವಿಘ್ನವಲ್ಲ, ಉಪಕರಣ. ಗಾಜು ಕನ್ನಡಿಗಳಷ್ಟೇ ಅನಿವಾರ್ಯವಾದ ಉಪಕರಣ. ಗಾಜನ್ನೂ ಕನ್ನಡಿಯನ್ನೂ ಹಣ ತೆತ್ತು ಕೊಳ್ಳಬಹುದು. ಕತ್ತಲೆಯನ್ನು ಹಾಗೆ ಕೊಳ್ಳಲು ಬಾರದು. ಸುತ್ತಲಿನ ಜನರು ತಮ್ಮ ದೀಪಗಳನ್ನು ತಗ್ಗಿಸಿ ಅದನ್ನು ಕೊಡಬೇಕು. ಹಾಗೆ ಕೊಟ್ಟವರಿಗೆ, ಅದರಿಂದ ಜ್ಞಾನವನ್ನು ಪಡೆದವರು ಏನನ್ನು ಸಲ್ಲಿಸಬೇಕು? ಇದೇ ಇಲ್ಲಿ ವಿಚಾರಿಸಬೇಕೆಂದಿರುವ ಪ್ರಶ್ನೆ.

ಈ ಪ್ರಶ್ನೆಯನ್ನು ದೇವಸುಗೂರಿನಿಂದ ಕೇಳುವುದಕ್ಕೆ ಒಂದು ವಿಶೇಷ ಕಾರಣವಿದೆ. ರಾಯಚೂರಿನ ಉತ್ತರಕ್ಕೆ ಕೃಷ್ಣೆಯ ದಡದಲ್ಲಿರುವ ಈ ಊರನ್ನು ಹಿಂದೆ ಜನರು ಸೂಗೂರೇಶ್ವರನ ಕ್ಷೇತ್ರವೆಂದೇ ಬಲ್ಲವರಾಗಿದ್ದರು. ಈ ಸೀಮೆಯ ಮನೆಗಳಲ್ಲಿ ಕೇಳಿಬರುವ ಸೂಗಪ್ಪ, ಸೂಗಮ್ಮ, ಸೂಗೂರೇಶ ಎಂಬ ಹೆಸರುಗಳು ಇಂದಿಗೂ ಆ ಭಕ್ತಿಗೆ ಸಾಕ್ಷಿಯಾಗಿವೆ. 1985ರಿಂದ ಈಚೆಗೆ ಊರಿಗೆ ಇನ್ನೊಂದು ಹೆಸರು ಬಂದಿತು. ಪಕ್ಕದಲ್ಲಿಯೇ ಶಕ್ತಿನಗರವು ಎದ್ದು ನಿಂತಿತು; ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕವು ಆ ವರ್ಷ ಕೆಲಸ ಆರಂಭಿಸಿತು. ಕಾಲಕ್ರಮದಲ್ಲಿ ಘಟಕಗಳು ಎಂಟಾದವು. ಏಳು ಘಟಕಗಳು ತಲಾ 210 ಮೆಗಾವಾಟ್, ಎಂಟನೆಯದು 250 ಮೆಗಾವಾಟ್, ಒಟ್ಟು 1720 ಮೆಗಾವಾಟ್. ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ, ನೀರನ್ನು ಕೃಷ್ಣೆ ಕೊಡುತ್ತಾಳೆ, ಉತ್ಪನ್ನವಾದ ಶಕ್ತಿಯು ತಂತಿಗಳ ಮೇಲೆ ನಾಡಿನ ಉದ್ದಗಲಕ್ಕೂ ಹರಿದುಹೋಗುತ್ತದೆ. ಹಾರುಬೂದಿಯು ಮಾತ್ರ ಇಲ್ಲಿಯೇ ಉಳಿಯುತ್ತದೆ. ಎಷ್ಟೋ ದೂರದ ಊರುಗಳ ಮಕ್ಕಳು ರಾತ್ರಿ ಪಾಠ ಓದಿಕೊಂಡದ್ದು ಈ ಊರು ಕೊಟ್ಟ ನೆಲ, ನೀರು, ಗಾಳಿಗಳ ಬಲದಿಂದ. ಅದೇ ಹೊತ್ತಿಗೆ ಈ ಊರಿನ ಮಕ್ಕಳು ತಲೆಯೆತ್ತಿ ನೋಡಿದರೆ ಕಾಣುವ ನಕ್ಷತ್ರಗಳು ಕಡಿಮೆಯಾದವು. ನಾಡಿಗೆ ಬೆಳಕನ್ನು ಕೊಟ್ಟ ಊರು ತನ್ನ ಇರುಳನ್ನು ಕಳೆದುಕೊಂಡಿತು.

ಈಗ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಊರನ್ನು ನೋಡೋಣ. ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಒಂದು ಕೇಂದ್ರವಿದೆ. ಅಲ್ಲಿನ ವಿಜ್ಞಾನಿಗಳು ಗಣಕಯಂತ್ರಗಳ ಮುಂದೆ ಕುಳಿತು, ಉಪಗ್ರಹದ ಮೂಲಕ, ಹಿಮಾಲಯದ ಆಚೆಯ ಲಡಾಖಿನಲ್ಲಿರುವ ದೂರದರ್ಶಕವೊಂದನ್ನು ನಡೆಸುತ್ತಾರೆ. ಹಾನ್ಲೆ ಎಂಬ ಆ ಸ್ಥಳದಲ್ಲಿ, ಸಮುದ್ರಮಟ್ಟದಿಂದ ಸುಮಾರು 4500 ಮೀಟರು ಎತ್ತರದ ಬೆಟ್ಟದ ನೆತ್ತಿಯ ಮೇಲೆ, 2 ಮೀಟರು ವ್ಯಾಸದ ಕನ್ನಡಿಯುಳ್ಳ ಹಿಮಾಲಯನ್ ಚಂದ್ರ ದೂರದರ್ಶಕವಿದೆ. 2000ದಲ್ಲಿ ಅದರ ಕನ್ನಡಿಯ ಮೇಲೆ ಮೊದಲ ಬಾರಿಗೆ ನಕ್ಷತ್ರದ ಬೆಳಕು ಬಿದ್ದಿತು; 2001ರಲ್ಲಿ ಹೊಸಕೋಟೆಯಿಂದ ಅದನ್ನು ನಡೆಸುವ ವ್ಯವಸ್ಥೆ ಆಯಿತು. ಆ ಹೊಸಕೋಟೆಯ ಯಂತ್ರಗಳಿಗೆ ಹರಿಯುವ ವಿದ್ಯುತ್ತು ನಮ್ಮ ನಾಡಿನ ವಿದ್ಯುತ್ ಜಾಲದ್ದು. ಶಕ್ತಿನಗರದ ಶಕ್ತಿಯೂ ಸೇರುವುದು ಅದೇ ಜಾಲಕ್ಕೆ. ಹೀಗೆ, ತನ್ನ ಇರುಳನ್ನು ಕಳೆದುಕೊಂಡ ದೇವಸುಗೂರು, ತನ್ನ ಇರುಳನ್ನು ಕಾಪಾಡಿಕೊಂಡ ಹಾನ್ಲೆ, ಇವೆರಡೂ ತಮಗೆ ಅರಿವಿಲ್ಲದೆಯೇ ಒಂದೇ ಜ್ಞಾನಕಾರ್ಯಕ್ಕೆ ಹೆಗಲು ಕೊಟ್ಟಿವೆ.

ವೇಧಶಾಲೆಗಳನ್ನು ಬೆಟ್ಟದ ಮೇಲೆಯೇ ಏಕೆ ಕಟ್ಟುತ್ತಾರೆ ಎಂದು ಮಕ್ಕಳು ಕೇಳುವುದುಂಟು. ನಕ್ಷತ್ರಗಳಿಗೆ ಹತ್ತಿರವಾಗಲೆಂದಲ್ಲ. ಅತ್ಯಂತ ಸಮೀಪದ ನಕ್ಷತ್ರದ ಬೆಳಕೂ ನಮ್ಮನ್ನು ತಲುಪಲು ನಾಲ್ಕು ವರ್ಷಗಳಿಗೂ ಮಿಕ್ಕಿ ಹಿಡಿಯುವಾಗ ನಾಲ್ಕು ಕಿಲೋಮೀಟರುಗಳ ಎತ್ತರದಿಂದ ಯಾವ ವ್ಯತ್ಯಾಸವೂ ಆಗದು. ಕಾರಣವಿರುವುದು ನಮ್ಮ ಮೇಲಿರುವ ಗಾಳಿಯಲ್ಲಿ. ಗಾಳಿಯ ಪದರಗಳು ಅಲುಗಾಡುವುದರಿಂದಲೇ ನಕ್ಷತ್ರಗಳು ಮಿನುಗುತ್ತವೆ. ಕವಿಗೆ ಪ್ರಿಯವಾದ ಆ ಮಿನುಗು ಖಗೋಳಜ್ಞನಿಗೆ ತೊಡಕು. ಗಾಳಿಯಲ್ಲಿನ ನೀರಾವಿಯು ನಕ್ಷತ್ರಗಳಿಂದ ಬರುವ ಅವಕೆಂಪು ಕಿರಣಗಳನ್ನು ಹೀರಿಕೊಳ್ಳುತ್ತದೆ. ಧೂಳು ಮತ್ತು ತೇವದ ಕಣಗಳು ಭೂಮಿಯ ದೀಪಗಳ ಬೆಳಕನ್ನು ಆಕಾಶದ ತುಂಬ ಚೆದರಿಸಿ ಒಂದು ಬಿಳಿಯ ಪರದೆಯನ್ನು ಹರಡುತ್ತವೆ. ಎತ್ತರದ, ಒಣ, ಶೀತಲ ಪ್ರದೇಶದಲ್ಲಿ ಈ ತೊಂದರೆಗಳು ಬಹುಪಾಲು ಇಲ್ಲ. ಹಾನ್ಲೆಯಲ್ಲಿ ವರ್ಷದಲ್ಲಿ 250ಕ್ಕೂ ಹೆಚ್ಚು ರಾತ್ರಿಗಳು ವೀಕ್ಷಣೆಗೆ ಒದಗುತ್ತವೆ. ಕತ್ತಲೆಗೆ ಹೊಂದಿಕೊಂಡ ನಮ್ಮ ಕಣ್ಣಿನ ಪಾಪೆಯು ಹೆಚ್ಚೆಂದರೆ 7 ಮಿಲಿಮೀಟರಿನಷ್ಟು ಅರಳುತ್ತದೆ; 2 ಮೀಟರಿನ ಕನ್ನಡಿಯು ಅದಕ್ಕಿಂತ ಸುಮಾರು 80 ಸಾವಿರ ಪಟ್ಟು ಬೆಳಕನ್ನು ಸಂಗ್ರಹಿಸುತ್ತದೆ. ಆದರೆ ಕನ್ನಡಿಯು ವಿವೇಚನೆ ಮಾಡಲಾರದು. ನಕ್ಷತ್ರದ ಬೆಳಕಿನೊಡನೆ ಬೀದಿದೀಪದ ಬೆಳಕು ಬೆರೆತು ಬಂದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಕೂಡಿಹಾಕುತ್ತದೆ. ಆದ್ದರಿಂದ ಬೆಟ್ಟವು ಎತ್ತರವನ್ನೂ ಒಣಹವೆಯನ್ನೂ ಕೊಡಬಲ್ಲುದೇ ಹೊರತು ಕತ್ತಲೆಯನ್ನು ತಾನೊಂದೇ ಕೊಡಲಾರದು. ಕತ್ತಲೆಯು ಬೆಟ್ಟದ ಕೆಳಗಿನ ಜನರ ಕೈಯಲ್ಲಿದೆ.

ಹಾನ್ಲೆಯ ತಪ್ಪಲಿನಲ್ಲಿ 17ನೆಯ ಶತಮಾನದ ಒಂದು ಬೌದ್ಧ ವಿಹಾರವಿದೆ. ಸುತ್ತಲೂ ಕೆಲವು ಚಿಕ್ಕ ಹಳ್ಳಿಗಳು, ಮೇಕೆ ಕುರಿಗಳ ಹಿಂಡುಗಳೊಡನೆ ಅಲೆಯುವ ಪಶುಪಾಲಕ ಕುಟುಂಬಗಳು. 2022ರ ಡಿಸೆಂಬರಿನಲ್ಲಿ ಲಡಾಖಿನ ಆಡಳಿತವು ಇಲ್ಲಿನ ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ಪ್ರದೇಶವನ್ನು ಕತ್ತಲಾಕಾಶದ ಸಂರಕ್ಷಿತ ವಲಯವೆಂದು ಸಾರಿತು. ಕಾಡಿಗೆ, ಕೆರೆಗೆ, ಮೃಗಗಳಿಗೆ ರಕ್ಷಣೆಯನ್ನು ಘೋಷಿಸುವುದನ್ನು ನಾವು ಬಲ್ಲೆವು. ಕತ್ತಲೆಗೆ ರಕ್ಷಣೆಯನ್ನು ಘೋಷಿಸಿದ್ದು ನಮ್ಮ ದೇಶದಲ್ಲಿ ಇದೇ ಮೊದಲು. ಅಲ್ಲಿನ ಜನರಿಂದ ಕೇಳಿದ್ದು ಇಷ್ಟು: ಹೊರಗಿನ ದೀಪಗಳಿಗೆ ಮುಸುಕು ಹಾಕಿ ಬೆಳಕು ನೆಲದತ್ತ ಮಾತ್ರ ಬೀಳುವಂತೆ ಮಾಡಬೇಕು, ರಾತ್ರಿ ಕಿಟಕಿಗಳಿಗೆ ಪರದೆ ಎಳೆಯಬೇಕು, ವಾಹನಗಳ ಪ್ರಖರ ದೀಪಗಳನ್ನು ಬಳಸಬಾರದು. ಇದಕ್ಕೆ ಪ್ರತಿಯಾಗಿ ಖಭೌತ ಸಂಸ್ಥೆಯು ಆ ಹಳ್ಳಿಗಳ 20ಕ್ಕೂ ಹೆಚ್ಚು ಯುವಕ ಯುವತಿಯರಿಗೆ ಆಕಾಶವನ್ನು ಗುರುತಿಸುವ ಶಿಕ್ಷಣವನ್ನು ನೀಡಿ, ಚಿಕ್ಕ ದೂರದರ್ಶಕಗಳನ್ನು ಅವರ ಕೈಗೆ ಕೊಟ್ಟಿತು. ಖಗೋಳದ ರಾಯಭಾರಿಗಳೆಂಬುದು ಅವರಿಗೆ ಇಟ್ಟ ಹೆಸರು. ಅವರು ತಮ್ಮೂರಿನವರಿಗೂ ದೂರದಿಂದ ಬಂದ ಯಾತ್ರಿಕರಿಗೂ ಶನಿಯ ಉಂಗುರವನ್ನೂ ಚಂದ್ರನ ಕುಳಿಗಳನ್ನೂ ತೋರಿಸುತ್ತಾರೆ. ಅದರಿಂದ ಅವರಿಗೆ ಆದಾಯವೂ ಉಂಟು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವು ಏಳುತ್ತದೆ. ಅದನ್ನು ಬದಿಗೆ ಸರಿಸಿ ಮುಂದೆ ಹೋಗುವುದು ನ್ಯಾಯವಲ್ಲ. ಕತ್ತಲೆಯನ್ನು ಹೊಗಳುವುದು ಹೊಟ್ಟೆ ತುಂಬಿದವರ ವಿನೋದವೆಂದು ಹಲವರು ಹೇಳಿಯಾರು. ದೇವದುರ್ಗ, ಮಾನ್ವಿ ತಾಲ್ಲೂಕುಗಳ ತಾಂಡಾಗಳಲ್ಲಿಯೂ ದೊಡ್ಡಿಗಳಲ್ಲಿಯೂ ಇರುಳೆಂದರೆ ಏನೆಂಬುದು ಅಲ್ಲಿ ಬಾಳಿದವರಿಗೆ ಗೊತ್ತು. ಹಾವು ಚೇಳುಗಳ ಭಯ, ಬಯಲಿಗೆ ಹೋಗಬೇಕಾದ ಹೆಂಗಸಿನ ಸಂಕಟ, ರಾತ್ರಿ ಹೆರಿಗೆಗೆಂದು ಹೊರಟ ಬಂಡಿಗೆ ದಾರಿ ಕಾಣದ ಪರದಾಟ, ಇವು ಕತ್ತಲೆಯ ನಿಜವಾದ ಮುಖಗಳು. ತಲೆತಲಾಂತರದಿಂದ ಎಣ್ಣೆಯ ಬುಡ್ಡಿಯ ಮುಂದೆ ಕಣ್ಣು ಕೆಡಿಸಿಕೊಂಡವರಿಗೆ, ಕಡೆಗೊಮ್ಮೆ ವಿದ್ಯುದ್ದೀಪ ಬಂದ ಮೇಲೆ, ವಿಜ್ಞಾನದ ಸಲುವಾಗಿ ಅದನ್ನು ತಗ್ಗಿಸಿರೆಂದು ಹೇಳಲು ನಗರದಲ್ಲಿ ಬಾಳುವ ವಿದ್ವಾಂಸನಿಗೆ ಯಾವ ಅಧಿಕಾರ? ನಗರವು ತನ್ನ ದೀಪಗಳಲ್ಲಿ ಒಂದನ್ನೂ ಆರಿಸದೆ, ತಾನು ಕೆಡಿಸಿಕೊಂಡ ಆಕಾಶವನ್ನು ಹಳ್ಳಿಯು ಕಾಪಾಡಿಕೊಡಲೆಂದು ಬಯಸುವುದು ಯಾವ ಧರ್ಮ?

ಈ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಅದು ಎರಡು ಬೇರೆ ಸಂಗತಿಗಳನ್ನು ಒಂದಾಗಿಸಿ ನೋಡುತ್ತದೆ. ಮನುಷ್ಯನಿಗೆ ಬೇಕಾದುದು ತನ್ನ ಹೆಜ್ಜೆಯ ಮುಂದಿನ ಬೆಳಕು. ಆಕಾಶಕ್ಕೆ ಚೆಲ್ಲಿದ ಬೆಳಕಿನಿಂದ ಹಾವೂ ಕಾಣದು, ಹಾದಿಯೂ ಕಾಣದು. ಮುಸುಕಿಲ್ಲದ ದೀಪವು ತನ್ನ ಬೆಳಕಿನ ಒಂದು ಪಾಲನ್ನು ಮೇಲಕ್ಕೂ ಪಕ್ಕಕ್ಕೂ ಚೆಲ್ಲಿ ವ್ಯರ್ಥಗೊಳಿಸುತ್ತದೆ. ಆ ವ್ಯರ್ಥವಾದ ಪಾಲನ್ನು ಉತ್ಪಾದಿಸಲೂ ಕಲ್ಲಿದ್ದಲು ಉರಿಯಬೇಕು, ಅದಕ್ಕೂ ಬೂದಿ ಬೀಳಬೇಕು. ನೆರಳುಗಣ್ಣಿಗೆ ಕುಕ್ಕುವ ಪ್ರಖರ ದೀಪಕ್ಕಿಂತ ನೆಲದತ್ತ ಬಾಗಿದ ಸೌಮ್ಯ ದೀಪದ ಕೆಳಗೆ ದಾರಿಯು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆಂಬುದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಆದ್ದರಿಂದ ಹಳ್ಳಿಯವರಿಂದ ಕೇಳಬೇಕಾದುದು ಬೆಳಕಿನ ತ್ಯಾಗವನ್ನಲ್ಲ, ಬೆಳಕಿನ ಮಿತವನ್ನು. ಉಣ್ಣುವವನಿಗೆ ಅನ್ನವನ್ನು ಕಡಿಮೆ ಮಾಡೆಂದು ಹೇಳುವುದು ಬೇರೆ, ಎಲೆಯಲ್ಲಿ ಚೆಲ್ಲಬೇಡವೆಂದು ಹೇಳುವುದು ಬೇರೆ. ಪ್ರಸಾದವನ್ನು ಚೆಲ್ಲಬಾರದೆಂಬ ಶಿಸ್ತನ್ನು ಬಾಲ್ಯದಿಂದಲೇ ಕಲಿತ ನಮಗೆ ಈ ಭೇದವನ್ನು ತಿಳಿಯುವುದು ಕಷ್ಟವಾಗಬಾರದು. ಮತ್ತು ಈ ಮಿತವನ್ನು ಮೊದಲು ಕೇಳಬೇಕಾದುದು ಹೆಚ್ಚು ಚೆಲ್ಲುವವರಿಂದ, ಎಂದರೆ ನಗರಗಳಿಂದ.

ನಗರವು ಎಷ್ಟು ಚೆಲ್ಲುತ್ತಿದೆಯೆಂಬುದಕ್ಕೆ ಲೆಕ್ಕಗಳು ಇವೆ. ಮನುಕುಲದ ಮೂರನೆಯ ಒಂದು ಭಾಗಕ್ಕೆ ತಾವಿರುವ ಸ್ಥಳದಿಂದ ಆಕಾಶಗಂಗೆಯು ಕಾಣುವುದಿಲ್ಲವೆಂದು 2016ರಲ್ಲಿ ಪ್ರಕಟವಾದ ಜಾಗತಿಕ ನಕ್ಷೆಯೊಂದು ತೋರಿಸಿತು. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಮುಖ್ಯವಾಗಿ ಯೂರೋಪು ಮತ್ತು ಉತ್ತರ ಅಮೆರಿಕಗಳ ಸಾಮಾನ್ಯ ಜನರು ಬರಿಗಣ್ಣಿನಿಂದ ನಕ್ಷತ್ರಗಳನ್ನು ನೋಡಿ ಕಳುಹಿಸಿದ 50 ಸಾವಿರಕ್ಕೂ ಹೆಚ್ಚು ವರದಿಗಳನ್ನು ಪರಿಶೀಲಿಸಿ, ರಾತ್ರಿಯ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇಕಡ 10ರಷ್ಟು ಹೆಚ್ಚುತ್ತಿದೆಯೆಂದು ಕಂಡುಕೊಂಡಿತು. ಈ ವೇಗದಲ್ಲಿ ಹೋದರೆ, ಹುಟ್ಟಿದಾಗ 250 ನಕ್ಷತ್ರಗಳು ಕಾಣುತ್ತಿದ್ದ ಊರಿನ ಮಗುವಿಗೆ ಹದಿನೆಂಟು ತುಂಬುವ ಹೊತ್ತಿಗೆ ಕಾಣುವವು 100 ಮಾತ್ರ.

ಪ್ರಕೃತ ವಿಷಯಕ್ಕೆ ಬರೋಣ. ಕತ್ತಲೆಯನ್ನು ಕೊಟ್ಟವರಿಗೆ ವೇಧಶಾಲೆಯು ಪ್ರತಿಯಾಗಿ ನಡೆದುಕೊಳ್ಳಬಹುದಾದ ರೀತಿಗಳು ಮೂರು. ಮೊದಲನೆಯದು ಅಪ್ಪಣೆ. ಸರಕಾರದ ಬಲದಿಂದ ದೀಪ ಆರಿಸಿ ಸುಮ್ಮನಾಗುವುದು. ಎರಡನೆಯದು ಔದಾರ್ಯ. ವರ್ಷದಲ್ಲಿ ಕೆಲವು ದಿನ ಬಾಗಿಲು ತೆರೆದು, ಬಂದವರಿಗೆ ಚಂದ್ರನನ್ನು ತೋರಿಸಿ, ಜನರ ಮೇಲೆ ಉಪಕಾರ ಮಾಡಿದೆವೆಂದು ತೃಪ್ತಿಪಡುವುದು. ಮೂರನೆಯದು ಋಣವನ್ನು ಒಪ್ಪಿಕೊಳ್ಳುವುದು. ನೀವು ಕೊಟ್ಟುದರಿಂದ ನಮಗೆ ಕಂಡಿತು, ಆದ್ದರಿಂದ ಕಂಡುದರಲ್ಲಿ ನಿಮಗೆ ಪಾಲಿದೆ ಎಂದು ತಿಳಿದು ನಡೆಯುವುದು. ಮೇಲ್ನೋಟಕ್ಕೆ ಎರಡನೆಯದಕ್ಕೂ ಮೂರನೆಯದಕ್ಕೂ ಭೇದ ತೋರದು; ಎರಡರಲ್ಲಿಯೂ ಹಳ್ಳಿಯ ಮಗು ದೂರದರ್ಶಕದಲ್ಲಿ ಇಣುಕಿ ನೋಡುತ್ತದೆ. ಆದರೆ ಔದಾರ್ಯವನ್ನು ಮಾಡುವವನು ತನಗೆ ಬಿಡುವಿಲ್ಲದಾಗ ನಿಲ್ಲಿಸಬಹುದು, ಋಣವನ್ನು ಹಾಗೆ ನಿಲ್ಲಿಸಲು ಬಾರದು. ಭಿಕ್ಷೆಗೂ ದಾಸೋಹಕ್ಕೂ ಇರುವ ಅಂತರವೂ ಇದೇ. ದಾಸೋಹದಲ್ಲಿ ಬಡಿಸುವವನು ತಾನು ಕೊಡುವವನೆಂದು ಭಾವಿಸುವುದಿಲ್ಲ. ಎಲ್ಲರಿಗೂ ಸೇರಿದುದು ತನ್ನ ಕೈಯಿಂದ ಹಾಯ್ದು ಹೋಗುತ್ತಿದೆಯೆಂದು ತಿಳಿದಿರುತ್ತಾನೆ.

ಅಪ್ಪಣೆಯ ದಾರಿಯು ಎಲ್ಲಿಗೆ ಒಯ್ಯುತ್ತದೆಂಬುದನ್ನು ಹವಾಯಿ ದ್ವೀಪದ ಮೌನಾ ಕೆಯಾ ಬೆಟ್ಟವು ತೋರಿಸಿದೆ. 4200 ಮೀಟರು ಎತ್ತರದ ಆ ಬೆಟ್ಟವು ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರವಾದುದು. ಖಗೋಳಜ್ಞರಿಗೆ ಅದು ಜಗತ್ತಿನ ಶ್ರೇಷ್ಠ ವೀಕ್ಷಣಾಸ್ಥಾನಗಳಲ್ಲಿ ಒಂದು. ದಶಕಗಳ ಕಾಲ ಅಲ್ಲಿ ಒಂದರ ಮೇಲೊಂದು ವೇಧಶಾಲೆಗಳು ಎದ್ದವು. ಬೆಟ್ಟವನ್ನು ಪೂಜಿಸುವವರ ಮಾತಿಗೆ ಆ ನಿರ್ಧಾರಗಳಲ್ಲಿ ತಕ್ಕ ಸ್ಥಾನವಿರಲಿಲ್ಲ. ಭಾರತವೂ ಪಾಲುದಾರನಾಗಿರುವ 30 ಮೀಟರು ವ್ಯಾಸದ ಮಹಾದೂರದರ್ಶಕವನ್ನು ಅಲ್ಲಿ ಕಟ್ಟಲು ಹೊರಟಾಗ 2015ರಲ್ಲಿಯೂ 2019ರಲ್ಲಿಯೂ ಜನರು ದಾರಿಗೆ ಅಡ್ಡವಾಗಿ ಕುಳಿತರು. 2019ರಲ್ಲಿ ವಯೋವೃದ್ಧರನ್ನು ಬಂಧಿಸಿ ಕರೆದೊಯ್ಯಬೇಕಾಯಿತು. ಕೆಲಸ ನಿಂತಿತು. ಬೆಟ್ಟದ ಆಡಳಿತದಲ್ಲಿ ಮೂಲನಿವಾಸಿಗಳಿಗೆ ಸ್ಥಾನವನ್ನು ಕೊಡುವ ಕಾನೂನು ಬಂದುದು 2022ರಲ್ಲಿ. ಆ ಜನರು ನಕ್ಷತ್ರಗಳ ವೈರಿಗಳಲ್ಲ; ಅವರ ಪೂರ್ವಿಕರು ನಕ್ಷತ್ರಗಳನ್ನೇ ನೋಡಿ ದಿಕ್ಕನ್ನು ಅರಿತು ಮಹಾಸಾಗರವನ್ನು ದಾಟಿದವರು. ಅವರು ವಿರೋಧಿಸಿದ್ದು, ತಮ್ಮ ಬೆಟ್ಟದ ಮೇಲೆ ತಮ್ಮನ್ನು ಕೇಳದೆ ನಡೆಯುವುದನ್ನು. ಆ ದೂರದರ್ಶಕಕ್ಕೆ ಬದಲಿ ಸ್ಥಳವನ್ನು ಹುಡುಕುವಾಗ ಹಾನ್ಲೆಯ ಹೆಸರೂ ಕೇಳಿಬಂದಿತ್ತೆಂಬುದು ಗಮನಾರ್ಹ.

ನಮ್ಮ ಸೀಮೆಗೂ ಈ ವಿಷಯದಲ್ಲಿ ಒಂದು ಇತಿಹಾಸವಿದೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ದಕ್ಷಿಣ ಭಾರತವನ್ನು ಅಡ್ಡಲಾಗಿ ದಾಟಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಇಂಗ್ಲೆಂಡಿನ ಹರ್ಷೆಲ್ ಮನೆತನದ ಒಬ್ಬ ಅಧಿಕಾರಿಯೂ, ಆಂಧ್ರದ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ನನೂ ಉಪಕರಣಗಳೊಡನೆ ಕಾದಿದ್ದರು. ಸೂರ್ಯನ ಅಂಚಿನ ಜ್ವಾಲೆಗಳು ಉರಿಯುವ ಅನಿಲವೆಂಬುದು ಅಂದು ತಿಳಿಯಿತು. ಆ ವರ್ಷದ ವೀಕ್ಷಣೆಗಳಿಂದಲೇ, ಭೂಮಿಯ ಮೇಲೆ ಅದುವರೆಗೆ ಯಾರೂ ಕಾಣದಿದ್ದ ಹೀಲಿಯಂ ಎಂಬ ಧಾತುವಿನ ಸುಳಿವೂ ದೊರೆಯಿತು. ನಕ್ಷೆಯ ಮೇಲೆ ಜಮಖಂಡಿಯಿಂದ ಗುಂಟೂರಿಗೆ ನೇರವಾಗಿ ಗೆರೆ ಎಳೆದರೆ ಅದು ದೇವಸುಗೂರಿನ ಆಸುಪಾಸಿನಲ್ಲಿಯೇ ಹಾಯುತ್ತದೆ. ಹಾಡುಹಗಲೇ ಕವಿದ ಆ ಕತ್ತಲೆಯಲ್ಲಿ ಜಗತ್ತಿಗೆ ಹೊಸದೊಂದು ಧಾತುವಿನ ಸುಳಿವು ಸಿಕ್ಕಿತೆಂಬುದು ನಮ್ಮ ಪೂರ್ವಿಕರ ಕಿವಿಗೆ ಬೀಳಲಿಲ್ಲ.

ಮತ್ತೆ 1980ರ ಫೆಬ್ರವರಿ 16, ಶನಿವಾರ. 82 ವರ್ಷಗಳ ತರುವಾಯ ಪೂರ್ಣ ಸೂರ್ಯಗ್ರಹಣದ ನೆರಳು ಭಾರತದ ನೆಲವನ್ನು ಮುಟ್ಟಿತು. ಕರಾವಳಿಯಿಂದ ಹೊರಟು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾಯ್ದು ಅದು ಪೂರ್ವಕ್ಕೆ ಸಾಗಿತು. ಖಭೌತ ಸಂಸ್ಥೆಯ ವಿಜ್ಞಾನಿಗಳು ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ಬಿಡಾರ ಹೂಡಿದ್ದರು. ಬೆಟ್ಟದ ಮೇಲಿನ ವೇಧಶಾಲೆಯು ತಾನಾಗಿಯೇ ನಮ್ಮ ಬಯಲಿಗೆ ಇಳಿದು ಬಂದಿತ್ತೆನ್ನಬಹುದು. ಆದರೆ ದೇಶದ ಬಹುಭಾಗದಲ್ಲಿ ಅಂದು ಬೀದಿಗಳು ಬಿಕೋ ಎನ್ನುತ್ತಿದ್ದವು. ಜನರು ಕದವಿಕ್ಕಿಕೊಂಡು ಒಳಗಿದ್ದರು. ನಾವು ಅಂದು ಪ್ರಾಥಮಿಕ ಶಾಲೆಯ ಬಾಲಕರು. ಮುಚ್ಚಿದ ಬಾಗಿಲಿನ ಹಿಂದೆ ಕುಳಿತು, ಹಗಲಿನಲ್ಲಿಯೇ ಹಕ್ಕಿಗಳು ಬೇವಿನ ಮರಕ್ಕೆ ಮರಳಿದ ಸದ್ದನ್ನು ಕೇಳಿದ್ದು ನೆನಪಿದೆ. ಭಯವೆಲ್ಲವೂ ಮೌಢ್ಯವೇ ಎಂದು ಹೇಳಲಾಗದು. ರಕ್ಷಣೆಯಿಲ್ಲದೆ ಸೂರ್ಯನನ್ನು ನೋಡಿದರೆ ಕಣ್ಣು ಕೆಡುವುದು ಸತ್ಯ. ಆದರೆ ಯಾವುದು ಅಪಾಯ, ಯಾವುದು ಬರಿಯ ಶಂಕೆ ಎಂದು ಬಿಡಿಸಿ ಹೇಳುವವರು ಇರಲಿಲ್ಲ. ಪಂಚಸೂತಕಗಳನ್ನೇ ಅಲ್ಲಗಳೆದ ಶರಣರ ನಾಡಿನಲ್ಲಿ ಗ್ರಹಣದ ಸೂತಕಕ್ಕೆ ಅಂಜಿ ಕುಳಿತದ್ದು, ತತ್ತ್ವವು ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದಿರಲಿಲ್ಲವೆಂಬುದನ್ನು ತೋರಿಸುತ್ತದೆ. ಉಪಕರಣಗಳು ಬಂದವು, ಚಿತ್ರಗಳನ್ನು ಹಿಡಿದವು, ಹಿಂದಿರುಗಿದವು. ಜ್ಞಾನವು ನಮ್ಮ ಅಂಗಳದವರೆಗೆ ಬಂದು ಮರಳಿ ಹೋಯಿತು. ಇದರಲ್ಲಿ ವಿಜ್ಞಾನಿಗಳನ್ನು ದೂರುವುದು ತರವಲ್ಲ. ಕೆಲವೇ ನಿಮಿಷಗಳ ಗ್ರಹಣಕ್ಕೆ ವರ್ಷಗಟ್ಟಲೆ ಸಿದ್ಧತೆ ಮಾಡಿಕೊಂಡು ಬಂದವರು ಅವರು. ಊರಿಗೂ ಉಪಕರಣಕ್ಕೂ ನಡುವೆ ನಿಂತು ಮಾತನಾಡಬಲ್ಲವರು ಇರಲಿಲ್ಲವೆಂಬುದೇ ಅಂದಿನ ಕೊರತೆ. ಹಾನ್ಲೆಯ ರಾಯಭಾರಿಗಳಿಗೆ ಇರುವ ಬೆಲೆ ಇದರಿಂದ ಅರ್ಥವಾಗುತ್ತದೆ.

ಹಾಗೆಂದು ಹಾನ್ಲೆಯ ಏರ್ಪಾಡೇ ಪರಿಪೂರ್ಣವೆಂದು ಭಾವಿಸಬೇಕಾಗಿಲ್ಲ. ಬೆಟ್ಟದ ಮೇಲಿನ 2 ಮೀಟರಿನ ದೂರದರ್ಶಕಕ್ಕೆ ಯಾರೂ ಕಣ್ಣು ಹಚ್ಚಿ ನೋಡುವುದಿಲ್ಲ. ಅದರ ಬೆಳಕನ್ನು ಯಂತ್ರಗಳು ಗ್ರಹಿಸಿ, ಅಂಕಿಗಳಾಗಿ ಮಾರ್ಪಡಿಸಿ, ಹೊಸಕೋಟೆಗೆ ಕಳುಹಿಸುತ್ತವೆ. ಹಳ್ಳಿಯ ಅಂಗಳದ ಚಿಕ್ಕ ದೂರದರ್ಶಕದಲ್ಲಿ ಕಾಣುವುದು ಬೇರೆ, ವಿಜ್ಞಾನಿಗೆ ದೊರೆಯುವುದು ಬೇರೆ. ಶನಿಯ ಉಂಗುರವನ್ನು ಕಂಡು ಬೆರಗಾದ ಮಾತ್ರಕ್ಕೆ ಜ್ಞಾನದಲ್ಲಿ ಪಾಲು ದೊರೆತಂತಾಗಲಿಲ್ಲ. ಬೆರಗು ಬಾಗಿಲು ಮಾತ್ರ. ತನ್ನೂರಿನ ಬೆಟ್ಟದ ಮೇಲೆ ಏನು ಅಳೆಯುತ್ತಿದ್ದಾರೆ, ಏಕೆ ಅಳೆಯುತ್ತಿದ್ದಾರೆ ಎಂಬುದು ಆ ಊರಿನ ಶಾಲೆಯ ಮಗುವಿಗೆ ತನ್ನ ನುಡಿಯಲ್ಲಿ ತಿಳಿಯಬೇಕು. ಅದೇ ಮಗು ಮುಂದೆ ಬೆಟ್ಟವನ್ನೇರಿ ಅಳೆಯುವವರಲ್ಲಿ ಒಬ್ಬನಾಗಲು ದಾರಿಯಿರಬೇಕು. ಇಲ್ಲವಾದರೆ ಹಳ್ಳಿಯವನು ಯಾತ್ರಿಕರಿಗೆ ನಕ್ಷತ್ರ ತೋರಿಸಿ ಕಾಸು ಪಡೆಯುವವನಾಗಿಯೇ ಉಳಿದಾನು. ಆದಾಯವು ಬೇಕಾದುದೇ, ಆದರೆ ಋಣವು ಅಷ್ಟಕ್ಕೇ ತೀರದು.

ಈ ಕಾರ್ಯವು ನಮ್ಮ ನೆರೆಯಲ್ಲಿ ಬಹುಕಾಲದಿಂದ ಸಣ್ಣ ಪ್ರಮಾಣದಲ್ಲಿ ನಡೆದು ಬಂದಿದೆ. ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ ಖಭೌತ ಸಂಸ್ಥೆಯ ವೇಧಶಾಲೆಯಿದೆ. ಭಾರತದ ಆಧುನಿಕ ಖಗೋಳಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರಾದ ವೇಣು ಬಾಪು ಅವರು ಅದನ್ನು ಕಟ್ಟಿದರು. ನಮ್ಮ ದೇಶದಲ್ಲಿಯೇ ನಿರ್ಮಿಸಿದ 2.34 ಮೀಟರು ವ್ಯಾಸದ ದೂರದರ್ಶಕವು ಅವರ ಕನಸಾಗಿತ್ತು. 1982ರಲ್ಲಿ ಅವರು ತೀರಿಕೊಂಡರು. ದೂರದರ್ಶಕವು 1986ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಶನಿವಾರಗಳಂದು ಸಾರ್ವಜನಿಕರಿಗೆ ಆ ಬೆಟ್ಟದ ಬಾಗಿಲು ತೆರೆಯುವ ಪದ್ಧತಿಯು ಅಲ್ಲಿ ಬೆಳೆದು ಬಂದಿತು. ಇಂತಹ ಸಾಲಿನಲ್ಲಿ ನಿಲ್ಲುವುದೇ ಒಂದು ಶಿಕ್ಷಣ. ಒಂದು ಸಲಕ್ಕೆ ಒಂದೇ ಕಣ್ಣು ನೋಡಬಹುದಾದ ಕೊಳವೆಯ ಮುಂದೆ ಜಮೀನುದಾರನೂ ಕೂಲಿಯವನೂ ಸರದಿಯನ್ನು ಕಾಯಬೇಕು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷಗಳು ಬೇಕು. ಆ ಹೊತ್ತನ್ನು ಯಾರೂ ಹಣ ಕೊಟ್ಟು ಕಡಿಮೆ ಮಾಡಿಸಿಕೊಳ್ಳಲಾರರು. ಕಣ್ಣಿಗೆ ಬೀಳುವ ಶನಿಗ್ರಹದ ಬೆಳಕು ಅಲ್ಲಿಂದ ಹೊರಟು ಒಂದು ತಾಸಿಗೂ ಮಿಕ್ಕಿದೆ; ಬರಿಗಣ್ಣಿಗೆ ಮಂಜಿನ ಚುಕ್ಕೆಯಂತೆ ತೋರುವ ಆಂಡ್ರೊಮಿಡಾ ನಕ್ಷತ್ರಸಮೂಹದ ಬೆಳಕು ಹೊರಟು 25 ಲಕ್ಷ ವರ್ಷಗಳಾಗಿವೆ. ಇದನ್ನು ತಿಳಿದು ನೋಡಿದವನಿಗೆ ತನ್ನ ಕುಲ, ತನ್ನ ಹೊಲದ ಬದುವಿನ ಜಗಳ, ತನ್ನ ಪ್ರತಿಷ್ಠೆ ಇವುಗಳ ಅಳತೆಯು ಸ್ವಲ್ಪವಾದರೂ ಬದಲಾದೀತು.

ಇನ್ನು ದೇವಸುಗೂರಿನವರಾದ ನಾವು ಮಾಡಬಹುದಾದುದೇನು? ನಮ್ಮಲ್ಲಿ ಹಾನ್ಲೆಯ ಎತ್ತರವಿಲ್ಲ, ಒಣಹವೆಯಿಲ್ಲ. ವಿದ್ಯುತ್ ಕೇಂದ್ರದ ದೀಪಗಳನ್ನು ಆರಿಸಿರೆಂದು ಹೇಳುವುದು ವಿವೇಕವಲ್ಲ. ರಾತ್ರಿಯೆಲ್ಲ ದುಡಿಯುವ ಕಾರ್ಮಿಕನ ಪ್ರಾಣವು ಆ ಬೆಳಕನ್ನು ನಂಬಿದೆ. ಆದರೆ ನಮ್ಮ ರೈತನ ಬಾಯಲ್ಲಿ ನಕ್ಷತ್ರಗಳು ಇನ್ನೂ ಜೀವಂತವಾಗಿವೆ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಳನ್ನು ಎಣಿಸಿಯೇ ಅವನು ಬಿತ್ತುತ್ತಾನೆ. ಆರಿದ್ರಾ ಮಳೆಯ ದಿನಗಳಲ್ಲಿ ಆರಿದ್ರಾ ನಕ್ಷತ್ರವು ಕಾಣುವುದಿಲ್ಲ; ಆಗ ಸೂರ್ಯನೇ ಆ ದಿಕ್ಕಿನಲ್ಲಿರುವುದರಿಂದ ಅದು ಹಗಲಿನ ಆಕಾಶದಲ್ಲಿ ಮುಳುಗಿರುತ್ತದೆ. ಅದನ್ನು ಕಾಣಬೇಕಾದರೆ ಮಾಗಿಯ ಚಳಿಯ ಸಂಜೆ ಪೂರ್ವದತ್ತ ನೋಡಬೇಕು. ಆಗ ಅದು ನಸುಗೆಂಪಾಗಿ ಹೊಳೆಯುತ್ತದೆ. ಹೆಸರನ್ನು ದಿನಾಲೂ ನುಡಿಯುವ ರೈತನಿಗೂ ಅವನ ಮಕ್ಕಳಿಗೂ ಆ ನಕ್ಷತ್ರವನ್ನು ಬೆರಳಿಟ್ಟು ತೋರಿಸುವವರು ಬೇಕು. ಇದಕ್ಕೆ ದೊಡ್ಡ ಉಪಕರಣದ ಅಗತ್ಯವಿಲ್ಲ. ಶಾಲೆಯ ಮಾಳಿಗೆಯೊಂದು, ಬಲ್ಲ ಶಿಕ್ಷಕರೊಬ್ಬರು, ಸಾಧ್ಯವಾದರೆ ಚಿಕ್ಕದೊಂದು ದೂರದರ್ಶಕ, ಇಷ್ಟೇ ಸಾಕು.

ಇದರೊಡನೆ ನಮ್ಮ ದೀಪಗಳನ್ನೂ ತಿದ್ದಿಕೊಳ್ಳಬೇಕು. ಬೀದಿದೀಪಗಳಿಗೆ ಮುಸುಕು ಹಾಕಿಸುವುದು ಪಂಚಾಯತಿಯ ಕೈಯಲ್ಲಿದೆ. ಗುಡಿ ಮಠಗಳ ಗೋಪುರಗಳ ಮೇಲೆ ರಾತ್ರಿಯಿಡೀ ಚೆಲ್ಲುವ ಪ್ರಖರ ದೀಪಗಳು ಯಾರ ಭಕ್ತಿಯನ್ನೂ ಹೆಚ್ಚಿಸುವುದಿಲ್ಲ; ಜನರು ಮಲಗಿದ ಮೇಲೆ ಅವುಗಳನ್ನು ಆರಿಸಲು ಮಠಾಧಿಪತಿಗಳಾದ ನಾವೇ ಮೊದಲು ಮುಂದಾಗಬೇಕು. ಜಾತ್ರೆಯ ದಿನ, ಸಾವಿರಾರು ಜನರು ನೆರೆದಾಗ, ಹಿರಿಯರು ಸೇರಿ ಸುರಕ್ಷತೆಯನ್ನು ಆಲೋಚಿಸಿ ಒಂದು ಬಯಲಿನಲ್ಲಿ ಅರ್ಧ ತಾಸು ದೀಪಗಳನ್ನು ತಗ್ಗಿಸಿ, ಮಕ್ಕಳಿಗೆ ಆಕಾಶವನ್ನು ತೋರಿಸಿದರೆ ಅದೂ ಒಂದು ಸೇವೆಯೇ ಆದೀತು.

ಋಣವೆಂಬುದು ಎರಡೂ ಕಡೆ ಹರಿಯುವ ವಸ್ತು. ಬೆಳಕನ್ನು ಕೊಟ್ಟ ದೇವಸುಗೂರಿಗೆ ನಾಡು ಋಣಿಯಾಗಿದೆ. ಕತ್ತಲೆಯನ್ನು ಕೊಟ್ಟ ಹಾನ್ಲೆಗೆ ವಿಜ್ಞಾನವು ಋಣಿಯಾಗಿದೆ. ಹಾನ್ಲೆಯ ಋಣವನ್ನು ತೀರಿಸುವ ಕೆಲಸವು ಆರಂಭವಾದರೂ ಆಗಿದೆ. ದೇವಸುಗೂರಿನ ಋಣವನ್ನು ನಾಡು ಹೇಗೆ ತೀರಿಸೀತೆಂದು ಕೇಳುವ ಹಕ್ಕು ನಮಗುಂಟು. ಶುದ್ಧವಾದ ಗಾಳಿಯನ್ನು, ಒಳ್ಳೆಯ ಶಾಲೆಯನ್ನು, ನಮ್ಮ ಮಕ್ಕಳಿಗೆ ವಿಜ್ಞಾನದ ಬಾಗಿಲನ್ನು ನಾವು ಕೇಳಲೇಬೇಕು. ಹಾಗೆ ಕೇಳುತ್ತಲೇ, ನಮ್ಮ ಕೈಯಲ್ಲಿರುವ ದೀಪವನ್ನು ನೆಲದತ್ತ ಬಾಗಿಸಿಕೊಳ್ಳುವ ಕೆಲಸಕ್ಕೆ ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ. ಅದನ್ನು ಈ ರಾತ್ರಿಯೇ ಮಾಡಬಹುದು. ವಾಚಕರು ತಮ್ಮ ತಮ್ಮ ಊರುಗಳಲ್ಲಿ ಈ ವಿಷಯವನ್ನು ಹಿರಿಯರೊಡನೆಯೂ ಶಿಕ್ಷಕರೊಡನೆಯೂ ವಿಚಾರಿಸಲೆಂಬುದು ನಮ್ಮ ಆಶಯ.